ಮಾರ್ನಿಂಗ್ ಸನ್: ನಂಬಿದವರ ನೆನಪು, ಸತ್ತವರ ಪಾಲು

1966ರಿಂದ 1976ರವರೆಗೆ ನಡೆದ ಚೀನಾದ ಸಾಂಸ್ಕೃತಿಕ ಕ್ರಾಂತಿಯ ಮಾತೆತ್ತಿದರೆ ಸಾಮಾನ್ಯವಾಗಿ ಎರಡು ಬಗೆಯ ವಿವರಣೆ ಎದುರಾಗುತ್ತದೆ. ಮುಪ್ಪಿನಲ್ಲಿ ಅಧಿಕಾರ ಕೈಜಾರೀತೆಂದು ಅಂಜಿದ ಮಾವೋ ತನ್ನ ಎದುರಾಳಿಗಳನ್ನು ಮುಗಿಸಲು ಹೂಡಿದ ಆಟ ಅದು ಎಂಬುದು ಒಂದು. ಹತ್ತು ವರ್ಷ ಇಡೀ ದೇಶಕ್ಕೇ ಹುಚ್ಚು ಹಿಡಿದಿತ್ತು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯಾಂಶ ಬೇಕಾದಷ್ಟಿದೆ, ಎರಡನೆಯದು ವಿವರಣೆಯೇ ಅಲ್ಲ. ಆದರೆ ಓದಿನಲ್ಲಿ ಮುಂದಿದ್ದ, ಒಳ್ಳೆಯ ಶಾಲೆಗಳಲ್ಲಿ ಬೆಳೆದ ಹದಿನಾರು ಹದಿನೇಳು ವರ್ಷದ ಮಕ್ಕಳು ತಮಗೆ ಪಾಠ ಹೇಳಿದವರ ಮೇಲೆಯೇ ಕೈಯೆತ್ತುವಂತಾದದ್ದು ಹೇಗೆ ಎಂಬ ಪ್ರಶ್ನೆಗೆ ಎರಡರಲ್ಲೂ ಉತ್ತರ ಸಿಗುವುದಿಲ್ಲ. 2003ರಲ್ಲಿ ಬಂದ ‘ಮಾರ್ನಿಂಗ್ ಸನ್’ ಎಂಬ ಸಾಕ್ಷ್ಯಚಿತ್ರ ಕೈಗೆತ್ತಿಕೊಂಡಿರುವುದು ಈ ಪ್ರಶ್ನೆಯನ್ನು. ಕಾರ್ಮಾ ಹಿಂಟನ್, ಜೆರೆಮಿ ಬಾರ್ಮೆ ಮತ್ತು ರಿಚರ್ಡ್ ಗಾರ್ಡನ್ ಸೇರಿ ನಿರ್ದೇಶಿಸಿದ, ಹೆಚ್ಚುಕಡಿಮೆ ಎರಡು ಗಂಟೆ ಅವಧಿಯ ಈ ಚಿತ್ರ, ನಾನು ನೋಡಿದ ಮಟ್ಟಿಗೆ, ಆ ಪ್ರಶ್ನೆಗೆ ಒಳಗಿನಿಂದಲೇ ಉತ್ತರ ಹುಡುಕುತ್ತದೆ. ಅದರ ಹೆಚ್ಚುಗಾರಿಕೆ ಅದು. ಅದು ಎಡವುವುದೂ ಅಲ್ಲಿಯೇ.

1957ರಲ್ಲಿ ಮಾಸ್ಕೋಗೆ ಹೋಗಿದ್ದ ಮಾವೋ ಅಲ್ಲಿ ಓದುತ್ತಿದ್ದ ಚೀನೀ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತ, ಯುವಕರು ಬೆಳಗಿನ ಎಂಟು ಒಂಬತ್ತು ಗಂಟೆಯ ಸೂರ್ಯನಂತೆ, ಜಗತ್ತು ಅವರದು, ಭರವಸೆಯೆಲ್ಲ ಅವರ ಮೇಲೆ ಎಂಬರ್ಥದ ಮಾತು ಆಡಿದ್ದ. ಚಿತ್ರದ ಹೆಸರು ಬಂದಿರುವುದು ಅಲ್ಲಿಂದ. ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ 1949ರ ಆಸುಪಾಸಿನಲ್ಲಿ ಹುಟ್ಟಿ, ಆ ಮಾತನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿ, ಅದು ತಮ್ಮನ್ನೇ ಕುರಿತು ಹೇಳಿದ್ದೆಂದು ನಂಬಿದ ತಲೆಮಾರಿನ ಚರಿತ್ರೆ ಇದು. ಹೀಗಾಗಿ ಕಥೆ 1966ರಲ್ಲಿ ಶುರುವಾಗುವುದಿಲ್ಲ. ಅದಕ್ಕೂ ಬಹಳ ಹಿಂದೆ, ಆ ಮಕ್ಕಳು ನೋಡಿದ ಸಿನಿಮಾ, ಹಾಡಿದ ಹಾಡು, ಕೇಳಿ ಬೆಳೆದ ಹುತಾತ್ಮರ ಕಥೆಗಳಲ್ಲಿ ಶುರುವಾಗುತ್ತದೆ.

ಇಂಥ ಒಂದು ಚಿತ್ರವನ್ನು ತೆಗೆಯಲು ಕಾರ್ಮಾ ಹಿಂಟನ್ ಅವರಿಗಿದ್ದ ಅನುಕೂಲ ಸಾಮಾನ್ಯವಾದದ್ದಲ್ಲ. ಅವರು 1949ರಲ್ಲಿ ಬೀಜಿಂಗ್‌ನಲ್ಲಿಯೇ ಹುಟ್ಟಿದವರು; ಚೀನೀ ಭಾಷೆಯನ್ನೇ ಮೊದಲು ಕಲಿತು, ಅಲ್ಲಿಯ ಶಾಲೆಯಲ್ಲೇ ಓದಿ, ಇಪ್ಪತ್ತು ದಾಟಿದ ಮೇಲೆ ಅಮೆರಿಕಕ್ಕೆ ಹೋದವರು. ತಂದೆ ವಿಲಿಯಂ ಹಿಂಟನ್ ಶಾನ್‌ಸಿ ಪ್ರಾಂತ್ಯದ ಒಂದು ಹಳ್ಳಿಯ ಭೂಸುಧಾರಣೆಯನ್ನು ಕಣ್ಣಾರೆ ಕಂಡು ಬರೆದ ಹೆಸರಾಂತ ಲೇಖಕ. ಈ ಚಿತ್ರದ ಹಿಂದಿರುವ ಲಾಂಗ್ ಬೋ ಸಂಸ್ಥೆಯ ಹೆಸರೂ ಅದೇ ಹಳ್ಳಿಯದು. 1966ರ ಆಗಸ್ಟ್‌ನಲ್ಲಿ, ವಿದೇಶಿಯರಾದ ತಮಗೆ ಕೊಡುತ್ತಿರುವ ವಿಶೇಷ ಸವಲತ್ತುಗಳು ಬೇಡ, ಚೀನೀಯರಂತೆಯೇ ತಮ್ಮನ್ನು ನಡೆಸಿಕೊಳ್ಳಬೇಕು ಎಂದು ಬೀಜಿಂಗ್‌ನಲ್ಲಿ ಗೋಡೆಪತ್ರ ಅಂಟಿಸಿದ ನಾಲ್ವರು ಅಮೆರಿಕನ್ನರಲ್ಲಿ ಕಾರ್ಮಾ ಅವರ ತಾಯಿಯೂ, ಸೋದರತ್ತೆಯೂ ಇದ್ದರು. ಅಂದರೆ ನಿರ್ದೇಶಕಿ ಈ ನಂಬಿಕೆಯನ್ನು ಪುಸ್ತಕದಲ್ಲಿ ಓದಿದವರಲ್ಲ, ಅದರ ಬಿಸಿ ಇದ್ದ ಮನೆಯಲ್ಲಿ ಬೆಳೆದವರು. ಸಂದರ್ಶನಗಳಲ್ಲಿ ಇದರ ಫಲ ಎದ್ದು ಕಾಣುತ್ತದೆ. ಎದುರು ಕೂತವರು ಹೊರಗಿನವರಿಗೆ ಅರ್ಥವಾಗಲೆಂದು ಬಿಡಿಸಿ ಹೇಳುತ್ತಿಲ್ಲ. ತಮ್ಮಂತೆಯೇ ಅದೇ ಹಾಡನ್ನು ಹಾಡಿದ ಸಹಪಾಠಿಯೊಬ್ಬರ ಜೊತೆ ನೆನಪು ಮಾಡಿಕೊಳ್ಳುತ್ತಿದ್ದಾರೆ ಎಂಬ ಸಲಿಗೆ ಅವರ ದನಿಯಲ್ಲಿದೆ. ಇದೇ ತಂಡ 1989ರ ತಿಯಾನನ್ಮೆನ್ ವಿದ್ಯಾರ್ಥಿ ಚಳವಳಿಯ ಮೇಲೆ 1995ರಲ್ಲಿ ಮಾಡಿದ್ದ ‘ದಿ ಗೇಟ್ ಆಫ್ ಹೆವನ್ಲಿ ಪೀಸ್’ ಚಿತ್ರಕ್ಕಿದ್ದ ದಿನದಿನದ ಬಿಗುವು ಇಲ್ಲಿಲ್ಲ. ಇದು ನಿಧಾನವಾಗಿ, ಸುತ್ತುಬಳಸಿ, ಆದರೆ ಹೆಚ್ಚು ಆಳಕ್ಕೆ ಇಳಿಯುವ ಚಿತ್ರ.

ಚಿತ್ರದ ಬೆನ್ನೆಲುಬಾಗಿ ನಿರ್ದೇಶಕರು ಆರಿಸಿಕೊಂಡಿರುವ ಎರಡು ಹಳೆಯ ಕೃತಿಗಳ ಬಗ್ಗೆ ವಿವರವಾಗಿ ಹೇಳಬೇಕು. ಮೊದಲನೆಯದು ‘ಪೂರ್ವ ಕೆಂಪಾಗಿದೆ’ ಎಂಬ ಬೃಹತ್ ಸಂಗೀತ ನೃತ್ಯರೂಪಕ. ಗಣರಾಜ್ಯದ ಹದಿನೈದನೆಯ ವರ್ಷಾಚರಣೆಗೆಂದು 1964ರ ಅಕ್ಟೋಬರ್‌ನಲ್ಲಿ ಬೀಜಿಂಗ್‌ನ ಮಹಾ ಜನಸಭಾಭವನದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕಲಾವಿದರು ಸೇರಿ ಆಡಿದ ಈ ರೂಪಕದ ಮೇಲುಸ್ತುವಾರಿಯನ್ನು ಸ್ವತಃ ಪ್ರಧಾನಿ ಚೌ ಎನ್‌ಲಾಯ್ ವಹಿಸಿಕೊಂಡಿದ್ದರು. ಮರುವರ್ಷ ಅದು ಚಲನಚಿತ್ರವಾಗಿ ದೇಶದ ಮೂಲೆಮೂಲೆಗೂ ಹೋಯಿತು. ಅದರ ಆರಂಭದ ದೃಶ್ಯ ನೋಡಬೇಕು: ನರ್ತಕಿಯರು ಸೂರ್ಯಕಾಂತಿ ಹೂವಿನಂಥ ದೊಡ್ಡ ಬೀಸಣಿಗೆಗಳನ್ನು ಹಿಡಿದು ಸಾಲುಸಾಲಾಗಿ ಬಂದು, ಒಮ್ಮೆ ಬಾಗಿ, ಒಮ್ಮೆ ಎದ್ದು, ಕೊನೆಗೆ ಎಲ್ಲರೂ ಒಂದೇ ದಿಕ್ಕಿಗೆ, ಕಾಣದ ಸೂರ್ಯನತ್ತ ಮುಖ ತಿರುಗಿಸುತ್ತಾರೆ. ಆ ಚಲನೆಯಲ್ಲಿ ಒಬ್ಬಳ ಕೈಯೂ ತಪ್ಪುವುದಿಲ್ಲ. ಸೂರ್ಯ ಯಾರೆಂದು ಬಿಡಿಸಿ ಹೇಳುವ ಅಗತ್ಯವೇ ಇಲ್ಲ. ಚೀನಾದ ಕಮ್ಯುನಿಸ್ಟ್ ಚಳವಳಿಯ ಸೋಲು, ಒಳಜಗಳ, ಬೇರೆ ಬೇರೆ ನಾಯಕರ ಪಾಲು ಎಲ್ಲವನ್ನೂ ಸೋಸಿ ತೆಗೆದು, ಒಬ್ಬನ ಹಿಂದೆ ನಡೆದ ಜನರ ಪುರಾಣವನ್ನಾಗಿ ಚರಿತ್ರೆಯನ್ನು ಮಾರ್ಪಡಿಸುವ ಕೆಲಸ ಈ ರೂಪಕದಲ್ಲಿ ನಡೆದಿದೆ. ‘ಮಾರ್ನಿಂಗ್ ಸನ್’ ಅದರ ತುಣುಕುಗಳನ್ನು ಮತ್ತೆ ಮತ್ತೆ ತಂದು ಇಡುತ್ತದೆ, ಆದರೆ ಗೇಲಿ ಮಾಡುವುದಿಲ್ಲ. ನೋಡುಗನಿಗೂ ಒಂದು ಕ್ಷಣ ಮೈ ಜುಮ್ಮೆನ್ನಲಿ ಎಂದೇ ಬಿಟ್ಟಿದ್ದಾರೆ. ಹಾಗೆ ಜುಮ್ಮೆನ್ನದೆ ಹೋದರೆ ಮುಂದೆ ಬರುವುದು ಅರ್ಥವಾಗುವುದಿಲ್ಲ.

ಎರಡನೆಯದು ಇನ್ನೂ ಅನಿರೀಕ್ಷಿತವಾದದ್ದು. ಎಥೆಲ್ ವಾಯ್ನಿಚ್ 1897ರಲ್ಲಿ ಬರೆದ ‘ದಿ ಗ್ಯಾಡ್‌ಫ್ಲೈ’ ಕಾದಂಬರಿ ಹತ್ತೊಂಬತ್ತನೆಯ ಶತಮಾನದ ಇಟಲಿಯ ಕ್ರಾಂತಿಕಾರಿಯೊಬ್ಬನ ಕಥೆ. ಅದು ಸೋವಿಯತ್ ಒಕ್ಕೂಟದಲ್ಲಿ ಭಾರೀ ಜನಪ್ರಿಯವಾಗಿ, 1955ರಲ್ಲಿ ಅಲ್ಲಿ ಸಿನಿಮಾ ಆಯಿತು; ಆ ಸಿನಿಮಾಕ್ಕೆ ಸಂಗೀತ ಕೊಟ್ಟವರು ಶೊಸ್ಟಕೋವಿಚ್. ಐವತ್ತರ ದಶಕದಲ್ಲಿ ಕಾದಂಬರಿಯೂ ಸಿನಿಮಾವೂ ಚೀನಾಕ್ಕೆ ಬಂದವು, ಅಲ್ಲಿಯ ಯುವಕರು ಮುಗಿಬಿದ್ದರು. ಕಥಾನಾಯಕ ಆರ್ಥರ್ ಒಬ್ಬ ಭಕ್ತ ಹುಡುಗ. ತಾನು ದೇವರಂತೆ ನಂಬಿದ್ದ ಪಾದ್ರಿಯೇ ತನ್ನ ಹುಟ್ಟಿಗೆ ಕಾರಣನಾದ ತಂದೆ, ಅಷ್ಟು ಕಾಲವೂ ಆತ ತನ್ನೊಡನೆ ಸುಳ್ಳಾಡಿದ್ದ ಎಂದು ತಿಳಿದ ದಿನ ಶಿಲುಬೆಯನ್ನು ಸುತ್ತಿಗೆಯಿಂದ ಒಡೆದು ಮನೆಬಿಟ್ಟು ಹೋಗುತ್ತಾನೆ, ವರ್ಷಗಳ ನಂತರ ಮೈಯೆಲ್ಲ ಗಾಯದ ಗುರುತು ಹೊತ್ತು ಕ್ರಾಂತಿಕಾರಿಯಾಗಿ ಮರಳುತ್ತಾನೆ. ಚೀನಾದ ಹುಡುಗ ಹುಡುಗಿಯರು ಈ ಕಥೆಯನ್ನು ಎದೆಗೆ ಹಚ್ಚಿಕೊಂಡದ್ದನ್ನು ತೋರಿಸುವ ಭಾಗ ಇಡೀ ಚಿತ್ರದಲ್ಲೇ ಅತ್ಯಂತ ಹೊಸ ಒಳನೋಟದ್ದು. ತ್ಯಾಗ, ನೋವು, ಪ್ರೀತಿಯನ್ನೂ ಬದಿಗೊತ್ತುವ ಕಠೋರತೆ ಇವೆಲ್ಲ ಅವರ ಕಣ್ಣಿಗೆ ಸುಂದರವಾಗಿ ಕಂಡವು. ತಮ್ಮ ತಂದೆತಾಯಂದಿರ ಪೀಳಿಗೆಗೆ ಯುದ್ಧ ಸಿಕ್ಕಿತ್ತು, ಕ್ರಾಂತಿ ಸಿಕ್ಕಿತ್ತು. ತಮಗೆ ಸಿಕ್ಕಿದ್ದು ಪರೀಕ್ಷೆ ಮಾತ್ರ ಎಂಬ ಕೊರಗು ಅವರನ್ನು ಕಾಡುತ್ತಿತ್ತು. ಮುಂದೊಂದು ದಿನ ಶಿಲುಬೆ ಒಡೆಯುವ ಅವಕಾಶ ತಮಗೂ ಬಂದಾಗ ಕೈ ಯಾಕೆ ಹಿಂಜರಿಯಲಿಲ್ಲ ಎಂಬುದು ಆಗ ಹೊಳೆಯುತ್ತದೆ. ವಿಚಿತ್ರವೆಂದರೆ ಆ ಪಾದ್ರಿಯ ಜಾಗದಲ್ಲಿ ಯಾರನ್ನು ಕೂರಿಸಿಕೊಳ್ಳಬೇಕೆಂಬುದು ಕಾಲಕಾಲಕ್ಕೆ ಬದಲಾಗುತ್ತ ಹೋಗುತ್ತದೆ: ಮೊದಲು ಮೇಷ್ಟ್ರು, ಆಮೇಲೆ ಅಪ್ಪ, ಎಷ್ಟೋ ವರ್ಷಗಳ ಮೇಲೆ ಮಾವೋ. ಕೊನೆಯ ಈ ತಿರುವನ್ನು ಚಿತ್ರ ಬಾಯಿಬಿಟ್ಟು ಹೇಳದೆ ಜೋಡಣೆಯಿಂದಲೇ ಸೂಚಿಸಿರುವುದು ಸಂಕಲನದ ಜಾಣ್ಮೆ.

ಇಷ್ಟು ಹಿನ್ನೆಲೆ ಸಿದ್ಧವಾದ ಮೇಲೆ 1966 ಬರುತ್ತದೆ, ಮತ್ತು ಆಗ ಅದು ಆಕಾಶದಿಂದ ಬಿದ್ದಂತೆ ಕಾಣುವುದಿಲ್ಲ. ಕ್ರಾಂತಿಗೆ ಚಾಲನೆ ಕೊಟ್ಟ ಮೇ 16ರ ಪಕ್ಷದ ಸುತ್ತೋಲೆ, ಮೇ ಕೊನೆಗೆ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಪ್ರೌಢಶಾಲೆಯ ಹುಡುಗರು ಸೇರಿ ಕಟ್ಟಿಕೊಂಡ ಮೊದಲ ರೆಡ್ ಗಾರ್ಡ್ (ಮಾವೋನ ಹೆಸರಿನಲ್ಲಿ ಬಂಡೆದ್ದ ವಿದ್ಯಾರ್ಥಿ ಪಡೆ) ಗುಂಪು, ಆಗಸ್ಟ್ 1ರಂದು ಅವರಿಗೆ ಮಾವೋ ಬರೆದ ಬೆಂಬಲದ ಪತ್ರ, ಆಗಸ್ಟ್ 18ರಂದು ತಿಯಾನನ್ಮೆನ್ ಚೌಕದಲ್ಲಿ ಸುಮಾರು ಹತ್ತು ಲಕ್ಷ ಜನರ ಮೊದಲ ಮಹಾಸಭೆ, ಎಲ್ಲವೂ ಸುಮಾರು ಮೂರು ತಿಂಗಳಲ್ಲಿ ನಡೆದುಹೋಯಿತು. ಆ ಮೊದಲ ಗುಂಪಿನ ಸ್ಥಾಪಕರಲ್ಲಿ ಒಬ್ಬರಾದ ಲುವೊ ಶಿಯಾವೊಹಾಯ್ ಚಿತ್ರದಲ್ಲಿ ಮಾತನಾಡುತ್ತಾರೆ. ಬಂಡಾಯದ ಉತ್ಸಾಹವನ್ನು ಹೊಗಳಿ ಆ ಹುಡುಗರು ಬರೆದ ಗೋಡೆಪತ್ರದಲ್ಲಿ ದೇವಲೋಕವನ್ನೇ ಬುಡಮೇಲು ಮಾಡಿದ ಚೀನೀ ಪುರಾಣದ ವಾನರರಾಜನನ್ನೂ ಅವನ ಚಿನ್ನದ ಗದೆಯನ್ನೂ ನೆನೆದಿದ್ದರು. ಮಕ್ಕಳ ಕಥೆಯ ಪಾತ್ರವೊಂದು ರಾಜಕೀಯ ಘೋಷಣೆಯಾದ ಬಗೆ ಇದು. ಲುವೊ ಅವರ ಮಾತಿನಲ್ಲಿ ಸಮರ್ಥನೆಯಿಲ್ಲ, ಎದೆಬಡಿದುಕೊಳ್ಳುವ ಪಶ್ಚಾತ್ತಾಪದ ಪ್ರದರ್ಶನವೂ ಇಲ್ಲ. ತಾನು ಆಗ ಯೋಚಿಸಿದ್ದನ್ನು ಈಗಿನ ಬುದ್ಧಿಯಿಂದ ತಿದ್ದದೆ ಹೇಳುವ ಪ್ರಯತ್ನ ಇದೆ. ಇಂಥ ಸಾಕ್ಷಿ ಅಪರೂಪ.

ಆಗಸ್ಟ್ 18ರ ಸಭೆಯ ಒಂದು ದೃಶ್ಯ ಇಡೀ ಯುಗದ ಗುರುತಾಗಿ ಉಳಿದಿದೆ. ಸೈನಿಕ ಸಮವಸ್ತ್ರ, ಸೊಂಟಕ್ಕೆ ಬೆಲ್ಟು, ಕನ್ನಡಕ, ಎರಡು ಜಡೆಯ ಒಬ್ಬ ಹುಡುಗಿ ವೇದಿಕೆಯ ಮೇಲೆ ಮಾವೋನ ತೋಳಿಗೆ ರೆಡ್ ಗಾರ್ಡ್ ಪಟ್ಟಿ ಕಟ್ಟುತ್ತಾಳೆ. ಆಕೆ ಸೊಂಗ್ ಬಿನ್‌ಬಿನ್, ಪಕ್ಷದ ಹಿರಿಯ ನಾಯಕ ಸೊಂಗ್ ರೆನ್‌ಚೊಂಗ್ ಅವರ ಮಗಳು, ಬೀಜಿಂಗ್ ಶಿಕ್ಷಕ ತರಬೇತಿ ವಿಶ್ವವಿದ್ಯಾಲಯಕ್ಕೆ ಸೇರಿದ ಬಾಲಕಿಯರ ಪ್ರೌಢಶಾಲೆಯ ವಿದ್ಯಾರ್ಥಿನಿ. ಹೆಸರು ಕೇಳಿದ ಮಾವೋ, ಸೌಮ್ಯತೆಯನ್ನು ಸೂಚಿಸುವ ಆ ಹೆಸರಿಗಿಂತ ಕಾದಾಡುವ ಗುಣ ಬೇಕು ಎಂಬಂತೆ ಒಂದು ಮಾತು ಆಡಿದ. ಎರಡೇ ದಿನದಲ್ಲಿ, ಯುದ್ಧೋತ್ಸಾಹದ ಹೊಸ ಹೆಸರನ್ನು ಹೊತ್ತ ಆಕೆಯ ಲೇಖನ ಪತ್ರಿಕೆಯಲ್ಲಿ ಬಂತು. ಕೆಂಪು ಆಗಸ್ಟ್ ಎಂದು ಕರೆಸಿಕೊಂಡ ಆ ದಿನಗಳಲ್ಲಿ ಆಕೆ ಹಿಂಸೆಯ ಮುಖವಾಗಿ ಬಿಟ್ಟಳು. ಅದಾದ ಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಈ ಚಿತ್ರದಲ್ಲಿ ಸೊಂಗ್ ಮಾತನಾಡಲು ಒಪ್ಪಿದ್ದಾರೆ, ಆದರೆ ಮುಖವನ್ನು ನೆರಳಿನಲ್ಲಿ ಇಟ್ಟು. ಬೆಳಕು ಹಿಂದಿನಿಂದ ಬೀಳುತ್ತದೆ, ಕಾಣುವುದು ತಲೆಯ ಆಕಾರ ಮಾತ್ರ. ಆ ಲೇಖನವನ್ನು ತಾನು ಬರೆದದ್ದಲ್ಲ, ಹೆಸರನ್ನು ತಾನು ಬದಲಿಸಿಕೊಳ್ಳಲಿಲ್ಲ, ಹೊಡೆತ ಬಡಿತಕ್ಕೆ ತನ್ನ ವಿರೋಧವಿತ್ತು ಎಂದು ಆಕೆ ಹೇಳುತ್ತಾರೆ. ಲಕ್ಷಾಂತರ ಜನ ಗುರುತಿಸಬಲ್ಲ ಮುಖ ಕಪ್ಪಾಗಿ, ಅದರ ಪಕ್ಕದಲ್ಲೇ 1966ರ ಆ ಸ್ಪಷ್ಟ, ನಗುವ ಮುಖ ಬಂದು ಹೋಗುವುದು ಸಾಕ್ಷ್ಯಚಿತ್ರವಾಗಿ ಪರಿಣಾಮಕಾರಿಯೇ ಹೌದು.

ನನ್ನ ದೊಡ್ಡ ತಕರಾರು ಇರುವುದೂ ಇಲ್ಲೇ. ತಿಯಾನನ್ಮೆನ್ ಸಭೆಗೆ ಹದಿಮೂರು ದಿನ ಮೊದಲು, ಆಗಸ್ಟ್ 5ರ ಮಧ್ಯಾಹ್ನ, ಸೊಂಗ್ ಓದುತ್ತಿದ್ದ ಅದೇ ಶಾಲೆಯ ಅಂಗಳದಲ್ಲಿ ಉಪಪ್ರಾಂಶುಪಾಲೆ ಬಿಯಾನ್ ಝೊಂಗ್‌ಯುನ್ ಅವರನ್ನು ವಿದ್ಯಾರ್ಥಿನಿಯರು ಗಂಟೆಗಟ್ಟಲೆ ಹೊಡೆದು ಕೊಂದರು. ಐವತ್ತು ವರ್ಷದ ಆಕೆ 1941ರಿಂದ ಕಮ್ಯುನಿಸ್ಟ್ ಪಕ್ಷದ ಸದಸ್ಯೆ. ಪ್ರಜ್ಞೆ ತಪ್ಪಿದ ಮೇಲೆ ಕಸದ ಗಾಡಿಯಲ್ಲಿ ಹಾಕಿ ಬಿಟ್ಟಿದ್ದರು. ರಸ್ತೆ ದಾಟಿದರೆ ಆಸ್ಪತ್ರೆ ಇತ್ತು, ಒಯ್ದದ್ದು ಹೊತ್ತು ಮೀರಿದ ಮೇಲೆ. ಬೀಜಿಂಗ್‌ನಲ್ಲಿ ಆ ಬೇಸಿಗೆಯಲ್ಲಿ ಹೀಗೆ ಸತ್ತ ಮೊದಲಿಗರಲ್ಲಿ ಆಕೆ ಒಬ್ಬರು. ಅಧಿಕೃತ ಲೆಕ್ಕದ ಪ್ರಕಾರವೇ ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ ನಗರದಲ್ಲಿ ಸತ್ತವರು 1,772 ಜನ. ಸೊಂಗ್ ಆ ಶಾಲೆಯಲ್ಲಿ ಮೊದಲ ಗೋಡೆಪತ್ರ ಅಂಟಿಸಿದವರಲ್ಲಿ ಒಬ್ಬರು, ವಿದ್ಯಾರ್ಥಿ ಮುಂದಾಳು. ಆಕೆ ಹೊಡೆದವರಲ್ಲಿ ಇದ್ದರೆಂದು ಹೇಳಲು ಆಧಾರವಿಲ್ಲ, ಆಕೆ ಅದನ್ನು ಅಲ್ಲಗಳೆದಿದ್ದಾರೆ ಕೂಡ. ಆದರೆ ಮುಂದಾಳುಗಳು ಎಲ್ಲಿದ್ದರು, ಏನು ಕಂಡರು, ಯಾಕೆ ತಡೆಯಲಾಗಲಿಲ್ಲ ಎಂದು ಪಟ್ಟು ಹಿಡಿದು ಕೇಳಬಹುದಾಗಿದ್ದ ಜಾಗದಲ್ಲಿ ಚಿತ್ರ ಸಂಕೋಚದಿಂದ ಮುಂದೆ ಸರಿಯುತ್ತದೆ. ಸಹಪಾಠಿಯ ಸಲಿಗೆಗೆ ತೆರಬೇಕಾದ ಬೆಲೆ ಇದು. ಹೇಳುವವರು ಮನಬಿಚ್ಚಬೇಕೆಂದರೆ ಕೇಳುವವರು ನ್ಯಾಯಾಧೀಶರಾಗಬಾರದು ಎಂಬ ವಾದ ಒಪ್ಪತಕ್ಕದ್ದೇ. ಆದರೆ ಹೀಗೆ ಮಾಡಿದಾಗ ತಪ್ಪು ಕಲ್ಪನೆಗೆ ಬಲಿಯಾದ ಹುಡುಗಿಯ ಸಂಕಟ ನೋಡುಗನ ಮನಸ್ಸನ್ನು ತುಂಬಿಕೊಳ್ಳುತ್ತದೆ, ಸತ್ತ ಶಿಕ್ಷಕಿಗೆ ಅಲ್ಲಿ ಜಾಗ ಉಳಿಯುವುದಿಲ್ಲ.

ಈ ಕೊರತೆಯನ್ನು ಬೇರೊಂದು ಚಿತ್ರ ತುಂಬಿದೆ, ಅದನ್ನು ಹೇಳದೆ ‘ಮಾರ್ನಿಂಗ್ ಸನ್’ ಬಗ್ಗೆ ಪೂರ್ತಿ ಮಾತಾಡಿದಂತಾಗುವುದಿಲ್ಲ. ಹಿಂದೆ ಸೈನ್ಯದಲ್ಲಿದ್ದು ಆಮೇಲೆ ಸ್ವತಂತ್ರವಾಗಿ, ಸರ್ಕಾರದ ಅನುಮತಿಯ ಹಂಗಿಲ್ಲದೆ ಚಿತ್ರ ತೆಗೆಯತೊಡಗಿದ ಹು ಜೀ ಅವರ ‘ದೋ ಐ ಆಮ್ ಗಾನ್’ ಒಂದು ಗಂಟೆಗಿಂತ ತುಸು ಹೆಚ್ಚಿನ, ಬಹುಪಾಲು ಕಪ್ಪು ಬಿಳುಪಿನ ಚಿತ್ರ. ಅದರ ಕೇಂದ್ರದಲ್ಲಿರುವುದು ಬಿಯಾನ್ ಅವರ ಪತಿ, ಇತಿಹಾಸಕಾರ ವಾಂಗ್ ಜಿಂಗ್‌ಯಾವೊ. ಹೆಂಡತಿ ಸತ್ತ ಮರುದಿನ ಈತ ಅಂಗಡಿಗೆ ಹೋಗಿ ಒಂದು ಕ್ಯಾಮೆರಾ ಕೊಂಡು ತಂದರು. ಗಾಯಗಳಿಂದ ಊದಿಕೊಂಡ ಹೆಂಡತಿಯ ದೇಹದ, ಮನೆ ಬಾಗಿಲಿಗೆ ಅಂಟಿಸಿದ್ದ ಬೈಗುಳದ ಗೋಡೆಪತ್ರಗಳ, ಚಿತಾಗಾರದ ಹೊಗೆಯ ಫೋಟೊಗಳನ್ನು ತೆಗೆದರು. ರಕ್ತದ ಕಲೆಯಿದ್ದ ಬಟ್ಟೆಗಳನ್ನು ಪೆಟ್ಟಿಗೆಯಲ್ಲಿ ಇಟ್ಟು ನಲವತ್ತು ವರ್ಷ ಕಾದುಕೊಂಡರು. ಇದೇ ಸೊಂಗ್ 2014ರ ಜನವರಿಯಲ್ಲಿ ಹಳೆಯ ಶಾಲೆಗೆ ಹೋಗಿ ಬಿಯಾನ್ ಅವರ ಪ್ರತಿಮೆಯ ಮುಂದೆ ತಲೆಬಾಗಿ ಕ್ಷಮೆ ಕೇಳಿದಾಗ, ತೊಂಬತ್ತು ದಾಟಿದ್ದ ವಾಂಗ್ ಆ ಕ್ಷಮಾಪಣೆಯನ್ನು ಒಪ್ಪಲಿಲ್ಲ.

ಎರಡನ್ನೂ ನೋಡಿದ ಮೇಲೆ ಇನ್ನೊಂದು ಸಂಗತಿ ಗಮನಕ್ಕೆ ಬರುತ್ತದೆ. ‘ಮಾರ್ನಿಂಗ್ ಸನ್’ ಬಳಸಿರುವ ಹಳೆಯ ಚಲಚ್ಚಿತ್ರಗಳು ಬಹುಮಟ್ಟಿಗೆ ಸರ್ಕಾರಿ ಸುದ್ದಿಚಿತ್ರ ವಿಭಾಗದ ಕ್ಯಾಮೆರಾಗಳಿಂದ ಬಂದವು. ಆ ಕ್ಯಾಮೆರಾಗಳು ಚೌಕದ ಜನಸಾಗರವನ್ನು, ಮಾವೋ ಸೂಕ್ತಿಗಳ ಕೆಂಪು ಪುಸ್ತಕ ಬೀಸುವ ಕೈಗಳನ್ನು, ಆನಂದದಿಂದ ಅಳುವ ಮುಖಗಳನ್ನು ಬಹು ಅಂದವಾಗಿ ಹಿಡಿದಿವೆ; ಶಾಲೆಯ ಅಂಗಳಕ್ಕೆ ಅವು ಹೋಗಲಿಲ್ಲ. ಹೀಗಾಗಿ ಸಂಭ್ರಮಕ್ಕೆ ದೃಶ್ಯಗಳು ಧಾರಾಳ, ಸಾವಿಗೆ ಮಾತು ಮಾತ್ರ. ಇದು ನಿರ್ದೇಶಕರ ತಪ್ಪಲ್ಲ. ಆದರೂ ಎರಡು ಗಂಟೆಯ ಚಿತ್ರದಲ್ಲಿ ಒಂದು ಕಡೆಯಾದರೂ ನಿರೂಪಣೆ ತಡೆದು, ನೀವು ನೋಡುತ್ತಿರುವುದು ಯಾರು, ಯಾವ ಉದ್ದೇಶಕ್ಕೆ ತೆಗೆದ ಚಿತ್ರ ಎಂದು ನೆನಪಿಸಿದ್ದರೆ ಒಳ್ಳೆಯದಿತ್ತು. ಬೆರಗನ್ನು ಅರ್ಥ ಮಾಡಿಸಲು ಹೊರಟ ಚಿತ್ರ ಕೆಲವು ಕಡೆ ತಾನೇ ಆ ಬೆರಗಿಗೆ ಸೋಲುತ್ತದೆ.

ಬಲಿಪಶುಗಳ ಕಡೆಯಿಂದ ಚಿತ್ರ ಪೂರ್ತಿ ಮುಖ ತಿರುಗಿಸಿದೆ ಎಂದಲ್ಲ. ರಾಷ್ಟ್ರಾಧ್ಯಕ್ಷರಾಗಿದ್ದು ಮಾವೋನ ಮುಖ್ಯ ಗುರಿಯಾದ ಲಿಯೂ ಶಾವೊಚಿ ಅವರ ಪತ್ನಿ ವಾಂಗ್ ಗ್ವಾಂಗ್‌ಮೇ ಮಾತನಾಡುವ ಭಾಗಗಳು ಕಣ್ಣು ಕೀಳದೆ ನೋಡುವಂಥವು. 1963ರಲ್ಲಿ ಗಂಡನ ಜೊತೆ ಇಂಡೋನೇಷ್ಯಾ ಭೇಟಿಗೆ ಹೋದಾಗ ಆಕೆ ತೊಟ್ಟಿದ್ದ ಉಡುಪು ಮತ್ತು ಕೊರಳ ಹಾರವೇ ಅಪರಾಧವಾಗಿ, 1967ರ ಏಪ್ರಿಲ್‌ನಲ್ಲಿ ತ್ಸಿಂಗ್‌ಹುವಾ ವಿಶ್ವವಿದ್ಯಾಲಯದ ಸಾರ್ವಜನಿಕ ವಿಚಾರಣೆಯಲ್ಲಿ ವಿದ್ಯಾರ್ಥಿಗಳು ಅದೇ ಬಗೆಯ ಬಿಗಿ ಉಡುಪನ್ನು ಬಲವಂತದಿಂದ ತೊಡಿಸಿ, ಕೊರಳಿಗೆ ಟೇಬಲ್ ಟೆನಿಸ್ ಚೆಂಡುಗಳ ಸರ ಹಾಕಿ ನಿಲ್ಲಿಸಿದ್ದರು. ಅದಕ್ಕೆ ಮೂರು ತಿಂಗಳ ಮೊದಲು, ಮಗಳಿಗೆ ಅಪಘಾತವಾಗಿದೆ ಎಂದು ಸುಳ್ಳು ಕರೆ ಮಾಡಿ ಆಕೆಯನ್ನು ಮನೆಯಿಂದ ಹೊರಗೆ ಬರಿಸಿದ್ದೂ ಉಂಟು. ಗಂಡ 1969ರ ನವೆಂಬರ್‌ನಲ್ಲಿ ಕೈಫೆಂಗ್‌ನಲ್ಲಿ ಚಿಕಿತ್ಸೆಯಿಲ್ಲದೆ ಸತ್ತಾಗ ಆಕೆ ಸೆರೆಯಲ್ಲಿದ್ದರು. ಒಟ್ಟು ಹನ್ನೆರಡು ವರ್ಷಗಳ ಸೆರೆವಾಸ ಅದು. ಇಷ್ಟನ್ನೂ ಆಕೆ ದನಿ ಏರಿಸದೆ ಹೇಳುತ್ತಾರೆ. ಮಾವೋನ ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದು, 1959ರಲ್ಲಿ ಲುಶಾನ್‌ನಲ್ಲಿ ಸೇರಿದ ನಾಯಕರ ಸಭೆಯ ನಂತರ ಪಕ್ಷದಿಂದ ಹೊರಬಿದ್ದು, ಆಮೇಲೆ ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿ ಕಳೆದ ಲೀ ರುಯಿ ಮತ್ತು ಅವರ ಮಗಳು ಲೀ ನಾನ್‌ಯಾಂಗ್ ಇಬ್ಬರನ್ನೂ ಕೂರಿಸಿ ಮಾತಾಡಿಸಿರುವುದು ಇನ್ನೊಂದು ಒಳ್ಳೆಯ ಆಯ್ಕೆ. ಅಪ್ಪ ಶತ್ರು ಎಂದು ನಂಬಿ ಅವನಿಂದ ದೂರ ನಿಂತ ಮಗಳ ಮಾತು, ಲುಶಾನ್‌ನಲ್ಲಿ, ಉತ್ಪಾದನೆಯನ್ನು ಅವಸರದಿಂದ ಏರಿಸಲು ಮಾವೋ ಹೂಡಿದ ಮಹಾ ಜಿಗಿತ ತಂದ ಕ್ಷಾಮದ ಬಗ್ಗೆ ಬಾಯಿಬಿಟ್ಟವರಿಗೆ ಆದ ಗತಿಯನ್ನು ಬಲ್ಲ ಅಪ್ಪನ ಮಾತು ಅಕ್ಕಪಕ್ಕ ಬಂದಾಗ, ಸಾಂಸ್ಕೃತಿಕ ಕ್ರಾಂತಿಯ ಬೇರುಗಳು 1959ಕ್ಕೇ ಇಳಿದಿದ್ದವು ಎಂಬ ವಾದ ನಿರೂಪಕಿ ಹೇಳದೆಯೂ ಮನವರಿಕೆಯಾಗುತ್ತದೆ.

ರಕ್ತಸಂಬಂಧದ ಸಿದ್ಧಾಂತವನ್ನು ಚಿತ್ರ ನಿಭಾಯಿಸಿರುವ ರೀತಿಯೂ ಚೆನ್ನಾಗಿದೆ. ಅಪ್ಪ ವೀರನಾದರೆ ಮಗನೂ ಧೀರ, ಅಪ್ಪ ಪ್ರತಿಗಾಮಿಯಾದರೆ ಮಗನೂ ಕೇಡಿ ಎಂಬರ್ಥದ ಜೋಡಿಸಾಲು 1966ರ ಬೇಸಿಗೆಯಲ್ಲಿ ಶಾಲೆಶಾಲೆಗಳಲ್ಲಿ ಹರಿದಾಡಿತ್ತು. ಸಮಾನತೆಯ ಹೆಸರಿನಲ್ಲಿ ನಡೆದ ಕ್ರಾಂತಿ ಹುಟ್ಟಿನ ಮೇಲೆ ಜನರನ್ನು ವಿಂಗಡಿಸಿತು, ಆ ವಿಂಗಡಣೆಯಲ್ಲಿ ಮೇಲೆ ನಿಂತವರು ಅಧಿಕಾರಿಗಳ ಮಕ್ಕಳು. ಇದನ್ನು ಖಂಡಿಸಿ ಮನೆತನದ ಹಿನ್ನೆಲೆಯ ಕುರಿತು ಲೇಖನ ಬರೆದ ಯುವಕ ಯೂ ಲುವೊಕೆಯನ್ನು 1970ರ ಮಾರ್ಚ್ 5ರಂದು ಬೀಜಿಂಗ್‌ನ ಕಾರ್ಮಿಕರ ಕ್ರೀಡಾಂಗಣದಲ್ಲಿ ಜನರೆದುರು ಶಿಕ್ಷೆ ಘೋಷಿಸಿ ಕೊಂದರು. ಆಗ ಅವನ ವಯಸ್ಸು ಇಪ್ಪತ್ತೇಳು. ಆ ಲೇಖನ ಅಚ್ಚಾದ ಪುಟ್ಟ ಪತ್ರಿಕೆಗೆ ಜನ ಮುಗಿಬಿದ್ದಿದ್ದರೆಂದರೆ, ನಂಬಿದವರ ನಡುವೆಯೇ ನಂಬದವರೂ ಎಷ್ಟೊಂದು ಮಂದಿ ಇದ್ದರೆಂದು ಗೊತ್ತಾಗುತ್ತದೆ. ಚಿತ್ರ ಈ ಎಳೆಯನ್ನು ಇನ್ನಷ್ಟು ಹಿಂಬಾಲಿಸಬಹುದಿತ್ತು.

ಚಿತ್ರದ ಎರಡನೆಯ ದೊಡ್ಡ ಮಿತಿ ಭೂಗೋಳದ್ದು. ಇಲ್ಲಿ ಮಾತನಾಡುವವರಲ್ಲಿ ಹೆಚ್ಚಿನವರು ರಾಜಧಾನಿಯ ಆಯ್ದ ಶಾಲೆಗಳಲ್ಲಿ ಓದಿದವರು, ದೊಡ್ಡ ಮನೆಗಳ ಮಕ್ಕಳು. ಆದರೆ ಈ ಹತ್ತು ವರ್ಷಗಳಲ್ಲಿ ಹೆಚ್ಚು ಜನ ಸತ್ತದ್ದು ಬೀಜಿಂಗ್‌ನಲ್ಲಿ ಅಲ್ಲ, ಸತ್ತದ್ದು ವಿದ್ಯಾರ್ಥಿಗಳ ಕೈಯಲ್ಲೂ ಅಲ್ಲ. ರಾಜಧಾನಿಯ ಪಕ್ಕದ ದಾಶಿಂಗ್ ತಾಲ್ಲೂಕಿನಲ್ಲಿ 1966ರ ಆಗಸ್ಟ್ ಕೊನೆಗೆ ಕೆಲವೇ ದಿನಗಳಲ್ಲಿ 325 ಜನರನ್ನು, ಮೂವತ್ತೆಂಟು ದಿನದ ಕೂಸಿನಿಂದ ಎಂಬತ್ತರ ಮುದುಕರವರೆಗೆ, ಕೊಂದವರು ಅದೇ ಊರುಗಳವರು. ಹುನಾನ್‌ನ ದಾವೊಶಿಯಾನ್‌ನಲ್ಲಿ 1967ರಲ್ಲಿ, ಗ್ವಾಂಗ್‌ಶಿಯಲ್ಲಿ 1968ರಲ್ಲಿ ನಡೆದ ಹತ್ಯಾಕಾಂಡಗಳ ಹಿಂದೆ ಸ್ಥಳೀಯ ಪಕ್ಷದ ಅಧಿಕಾರಿಗಳೂ ಸಶಸ್ತ್ರ ಪಡೆಗಳೂ ಇದ್ದವು. ಗ್ರಾಮೀಣ ಪ್ರದೇಶದಲ್ಲಿಯೇ 7.5 ಲಕ್ಷದಿಂದ 15 ಲಕ್ಷ ಜನ ಸತ್ತಿರಬಹುದು ಎಂಬುದು ಸ್ಥಳೀಯ ದಾಖಲೆಗಳನ್ನು ಆಧರಿಸಿದ ಒಂದು ವಿದ್ವತ್ ಅಂದಾಜು. ಕವಿತೆ, ಸಿನಿಮಾ, ಹುತಾತ್ಮತೆಯ ಕನಸು ಇವು ಬೀಜಿಂಗ್‌ನ ಹದಿಹರೆಯದವರನ್ನು ವಿವರಿಸಿಯಾವು. ಹಳ್ಳಿಯ ನೆರೆಹೊರೆಯವನನ್ನು ಗುದ್ದಲಿಯಿಂದ ಕೊಂದ ರೈತನನ್ನು ವಿವರಿಸಲಾರವು. ಒಂದು ತಲೆಮಾರಿನ ಮನಸ್ಸಿನ ಚರಿತ್ರೆ ಎಂದು ಕರೆದುಕೊಳ್ಳುವ ಚಿತ್ರ ಆ ತಲೆಮಾರಿನ ಒಂದು ತೆಳು ಪದರದ ಚರಿತ್ರೆ ಎಂಬುದನ್ನು ನೋಡುವಾಗ ಮರೆಯಬಾರದು.

1968ರ ನಂತರದ ಭಾಗಕ್ಕೆ ಅವಸರ ಜಾಸ್ತಿ. ನಗರದ ಯುವಕರನ್ನು ಹಳ್ಳಿಗಳಿಗೆ ಕಳಿಸಿದ್ದು, ಒಟ್ಟು ಒಂದೂವರೆ ಕೋಟಿಗೂ ಹೆಚ್ಚು ಜನ ಹೀಗೆ ಹೋದದ್ದು, 1971ರ ಸೆಪ್ಟೆಂಬರ್‌ನಲ್ಲಿ ಮಾವೋನ ಘೋಷಿತ ಉತ್ತರಾಧಿಕಾರಿ ಲಿನ್ ಬಿಯಾವೊ ಮಂಗೋಲಿಯಾದಲ್ಲಿ ವಿಮಾನ ಬಿದ್ದು ಸತ್ತದ್ದು, 1976ರ ಏಪ್ರಿಲ್‌ನಲ್ಲಿ ಚೌ ಎನ್‌ಲಾಯ್ ಶೋಕಾಚರಣೆ ಚೌಕದಲ್ಲಿ ಪ್ರತಿಭಟನೆಯಾದದ್ದು, ಸೆಪ್ಟೆಂಬರ್ 9ರಂದು ಮಾವೋ ಸತ್ತದ್ದು, ಒಂದು ತಿಂಗಳೊಳಗೆ ಮಾವೋನ ಪತ್ನಿಯೂ ಸೇರಿದ್ದ ನಾಲ್ವರು ನಾಯಕರ ಕೂಟ ಸೆರೆಯಾದದ್ದು ಎಲ್ಲ ಬೇಗಬೇಗ ಸರಿಯುತ್ತವೆ. ನಂಬಿಕೆ ಹುಟ್ಟಿದ್ದನ್ನು ಅಷ್ಟು ತಾಳ್ಮೆಯಿಂದ ತೋರಿಸಿದವರು ಅದು ಸತ್ತದ್ದನ್ನೂ ಅಷ್ಟೇ ತಾಳ್ಮೆಯಿಂದ ತೋರಿಸಬೇಕಿತ್ತು. ರೈತರ ಬಡತನವನ್ನು ಕಣ್ಣಾರೆ ಕಂಡ ಮೇಲೆ, ಲಿನ್ ಬಿಯಾವೊ ಸಾವಿನ ಸುದ್ದಿ ಮುಟ್ಟಿದ ಮೇಲೆ ಅನೇಕರಿಗೆ ಕಣ್ಣು ತೆರೆದದ್ದು ಹೇಗೆ ಎಂಬುದು ಇನ್ನೊಂದು ಚಿತ್ರಕ್ಕೆ ಸಾಲುವಷ್ಟು ವಸ್ತು.

ತಾಂತ್ರಿಕವಾಗಿ ಹೇಳುವುದು ಕಡಿಮೆ. ಹಳೆಯ ದೃಶ್ಯಗಳ ಆಯ್ಕೆ ಮತ್ತು ಜೋಡಣೆ ಮೊದಲ ದರ್ಜೆಯದು. ಸಂದರ್ಶನಗಳು ಚೀನೀ ಭಾಷೆಯಲ್ಲಿ, ನಿರೂಪಣೆ ಮತ್ತು ಸಬ್‌ಟೈಟಲ್ ಇಂಗ್ಲಿಷ್‌ನಲ್ಲಿವೆ. ನಿರೂಪಕಿಯ ದನಿ ಅಗತ್ಯಕ್ಕಿಂತ ಹೆಚ್ಚು ಸಮತೂಕದ್ದು ಎಂದು ನನಗೆ ಕೆಲವು ಕಡೆ ಅನಿಸಿತು. ಮಾತನಾಡುವವರ ಹೆಸರು ಒಂದೆರಡು ಬಾರಿ ಮಾತ್ರ ತೆರೆಯ ಮೇಲೆ ಬರುವುದರಿಂದ, ಚೀನೀ ಹೆಸರುಗಳ ಪರಿಚಯವಿಲ್ಲದವರು ಮೊದಲ ಅರ್ಧ ಗಂಟೆ ತಡವರಿಸುವುದು ಖಂಡಿತ.

ಆದರೂ ಈ ಚಿತ್ರವನ್ನು ನೋಡಲೇಬೇಕು ಎನ್ನುವುದಕ್ಕೆ ಗಟ್ಟಿ ಕಾರಣವಿದೆ. ವಾಂಗ್ ಗ್ವಾಂಗ್‌ಮೇ 2006ರಲ್ಲಿ, ಲೀ ರುಯಿ 2019ರಲ್ಲಿ, ಸೊಂಗ್ ಬಿನ್‌ಬಿನ್ 2024ರಲ್ಲಿ ತೀರಿಕೊಂಡರು. ಹೊಡೆಸಿಕೊಂಡವರ ಮನೆಯವರೂ ಹೊಡೆದವರ ಕಡೆ ನಿಂತವರೂ ಒಂದೇ ಚಿತ್ರದಲ್ಲಿ, ತಮ್ಮದೇ ಭಾಷೆಯಲ್ಲಿ, ಇಷ್ಟು ಸಾವಧಾನವಾಗಿ ಮಾತಾಡಿದ ದಾಖಲೆ ಮತ್ತೆ ಸಿಗಲಾರದು. ಪಕ್ಷ 1981ರ ತನ್ನ ನಿರ್ಣಯದಲ್ಲಿ ಈ ಹತ್ತು ವರ್ಷವನ್ನು ಮಾವೋನ ಗಂಭೀರ ತಪ್ಪು ಎಂದು ಒಪ್ಪಿಕೊಂಡು, ಅವನ ಸಾಧನೆಯ ಮುಂದೆ ಅದು ಎರಡನೆಯ ಸ್ಥಾನದ್ದು ಎಂದು ಲೆಕ್ಕ ಚುಕ್ತಾ ಮಾಡಿಬಿಟ್ಟಿದೆ. ಆ ಲೆಕ್ಕದಲ್ಲಿ ವ್ಯಕ್ತಿಗಳ ಹೊಣೆಯ ಪ್ರಶ್ನೆಯೇ ಬರುವುದಿಲ್ಲ. ವಿಷಯಕ್ಕೆ ಹೊಸಬರಾದವರು 1958ರ ಮಹಾ ಜಿಗಿತ, 1959ರ ಲುಶಾನ್ ಸಭೆ, ಲಿಯೂ ಶಾವೊಚಿಯ ಏಳುಬೀಳು ಇಷ್ಟನ್ನಾದರೂ ಮೊದಲು ಓದಿಕೊಂಡು ಕೂರುವುದು ಒಳ್ಳೆಯದು. ‘ಮಾರ್ನಿಂಗ್ ಸನ್’ ಮುಗಿದ ಮೇಲೆ ಹೆಚ್ಚು ದಿನ ಬಿಡದೆ ಹು ಜೀ ಅವರ ಚಿತ್ರವನ್ನೂ ನೋಡಿ. ಈ ಕ್ರಮ ತಲೆಕೆಳಗಾದರೆ, ವಾಂಗ್ ಜಿಂಗ್‌ಯಾವೊ ತೆಗೆದ ಫೋಟೊಗಳನ್ನು ಕಂಡ ಕಣ್ಣಿಗೆ ಸೂರ್ಯಕಾಂತಿ ನೃತ್ಯದ ಸೆಳೆತ ತಟ್ಟುವುದೇ ಇಲ್ಲ, ಆ ಸೆಳೆತ ತಟ್ಟದೆ ಇದ್ದರೆ ಹಿಂಟನ್ ಮತ್ತು ಸಂಗಡಿಗರು ಕಷ್ಟಪಟ್ಟು ಕಟ್ಟಿದ ವಾದದ ಅರ್ಧ ಭಾಗ ಕೈಗೆ ಸಿಗದೆ ಹೋಗುತ್ತದೆ.